ಸಹಾಯ ಬೇಕು: ಟರ್ನರ್‌ನ 'ಸ್ಲೇವ್ ಶಿಪ್' ಚಿತ್ರದ ಬಿರುಗಾಳಿಯನ್ನ ಹೇಗೆ ಓದೋದು?

ಎಲ್ಲರಿಗೂ ನಮಸ್ಕಾರ. ಕಲಾ ಇತಿಹಾಸದ ಅಸೈನ್‌ಮೆಂಟ್‌ಗೆ ಇಂಗ್ಲಿಷ್ ಚಿತ್ರಕಾರ ಟರ್ನರ್ 1840ರಲ್ಲಿ ಪ್ರದರ್ಶಿಸಿದ 'ಸ್ಲೇವ್ ಶಿಪ್' (ಗುಲಾಮರ ಹಡಗು) ತಗೊಂಡಿದ್ದೀನಿ. ಹಿನ್ನೆಲೆ ಓದಿದ್ದಾಯ್ತು: 1781ರಲ್ಲಿ ಜಾಂಗ್ ಅನ್ನೋ ಬ್ರಿಟಿಷ್ ಗುಲಾಮ ಹಡಗಿನವರು ಸುಮಾರು 130 ಆಫ್ರಿಕನ್ ಬಂದಿಗಳನ್ನ ಸಮುದ್ರಕ್ಕೆ ಎಸೆದರು, ಆಮೇಲೆ ಮಾಲೀಕರು ಸರಕು ನಷ್ಟ ಅಂತ ವಿಮೆ ಹಣ ಕೇಳಿದರು. ಚಿತ್ರಕ್ಕೆ ಇದೇ ಪ್ರೇರಣೆ ಅಂತಾರೆ.

ಬಣ್ಣ, ಬೆಳಕು, ಸಂಯೋಜನೆ ಬಗ್ಗೆ ಬರೆದಾಗಿದೆ. ನಡುವೆ ಉರಿಯೋ ಸೂರ್ಯ, ದೂರದಲ್ಲಿ ಹಡಗು. ಬಲಗಡೆ ಕೆಳಗೆ ನೋಡಿದ್ರೆ ಕೋಳ ಹಾಕಿದ ಒಂದು ಕಾಲು ಮಾತ್ರ ನೀರಿಂದ ಮೇಲಿದೆ, ಸುತ್ತ ಮುತ್ತಿದ ಮೀನುಗಳು. ಮುಖ ಒಂದೂ ಕಾಣಲ್ಲ. ಚಿತ್ರದ ಮೊದಲ ಒಡೆಯ, ಕಲಾ ವಿಮರ್ಶಕ ರಸ್ಕಿನ್ ಅಂತೂ ಅಲೆಗಳನ್ನ ಬಾಯ್ತುಂಬಾ ಹೊಗಳಿ, ಗುಲಾಮರ ವಿಷಯಾನ ಅಡಿಟಿಪ್ಪಣಿಗೆ ತಳ್ಳಿಬಿಟ್ಟ!

ನಾನು ಸಿಕ್ಕಿಹಾಕ್ಕೊಂಡಿರೋದು ಬಿರುಗಾಳಿ ಹತ್ರ. ಅದು ಹಡಗಿಗೆ ಪ್ರಕೃತಿ ಕೊಡೋ ಶಿಕ್ಷೆ ಅಂತ ಬರೆಯೋಣ ಅಂದ್ರೆ, ಅದೇ ಸಮುದ್ರ ಎಸೆಯಲ್ಪಟ್ಟವರನ್ನೂ ನುಂಗ್ತಿದೆಯಲ್ಲ? ಶಿಕ್ಷೆ ಅನ್ನೋ ವಾದ ನಿಲ್ಲುತ್ತಾ, ಇಲ್ಲಾ ಪ್ರಕೃತಿಗೆ ಯಾರ ಪರವೂ ಇಲ್ಲ ಅಂತ ಬರೆಯೋದು ಸರಿನಾ? ಚಿತ್ರದೊಳಗಿನ ಯಾವ ವಿವರ ಆಧಾರ ಆಗುತ್ತೆ ಅಂತಲೂ ತಿಳಿಸಿ.