ರನ್ನಿಂಗ್ ಬೋರ್ಡ್ ತುಕ್ಕು: ಪುಟ್ಟಿ ಹಾಕಿದರೂ ಮತ್ತೆ ಗುಳ್ಳೆ, ದಯವಿಟ್ಟು ಯಾರಾದ್ರೂ ಹೇಳಿ

ಕುಂದಾಪುರ_800:
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ಕಾರಿನ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡಲ್ಲಿ ತುಕ್ಕು ಬಂದ ಜಾಗ ಉಜ್ಜಿ, ಪುಟ್ಟಿ ಹಾಕಿ, ಪ್ರೈಮರ್ ಹೊಡೆದು, ಬಣ್ಣವನ್ನೂ ನಾನೇ ಹೊಡೆದೆ. ಮಳೆಗಾಲ ಮುಗಿಯುವ ಮೊದಲೇ ಅದೇ ಜಾಗದಲ್ಲಿ ಮತ್ತೆ ಗುಳ್ಳೆ. ಉಗುರಲ್ಲಿ ಒತ್ತಿದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ, ಕೆಳಗೆ ಕಂದು ನೀರು. ಇದು ಮೊದಲ ಸಲ ಅಲ್ಲ. ಯಾವ ಕಂಪನಿ ಪುಟ್ಟಿ ಹಾಕಿದರೆ ನಿಲ್ಲುತ್ತದೆ? ಎಫ್‌ಸಿ (ಗಾಡಿಯ ಫಿಟ್‌ನೆಸ್ ತಪಾಸಣೆ) ಹತ್ತಿರ ಬಂತು, ಬೇಗ ಹೇಳಿ.

ಹಾಸನ_ಹಳೇಗಾಡಿ:
ಯಾವ ಗಾಡಿ? ಯಾವ ಕಡೆ? ತಗಡು ತೂತಾಗಿದೆಯಾ, ಬರೀ ಮೇಲ್ಮೈ ತುಕ್ಕಾ? ಒಂದು ಫೋಟೋ ಹಾಕಿ.

ಕುಂದಾಪುರ_800:
ಹೆಸರಲ್ಲೇ ಇದೆಯಲ್ಲ ಸರ್, ಮಾರುತಿ 800. ಡ್ರೈವರ್ ಕಡೆ, ಬಾಗಿಲ ಕೆಳಗೆ. ಫೋಟೋ ಅಪ್‌ಲೋಡ್ ಆಗ್ತಾ ಇಲ್ಲ.

ಉಪ್ಪುಗಾಳಿ:
ಕುಂದಾಪುರ ಅಂದ ಮೇಲೆ ಬೇರೆ ಕಾರಣ ಯಾಕೆ ಹುಡುಕಬೇಕು? ಉಪ್ಪು. ತಗಡಿನ ಸಣ್ಣ ಸಣ್ಣ ಗುಳಿಗಳಲ್ಲಿ ಉಪ್ಪು ಕೂತಿರುತ್ತದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ನೀವು ಒಣಗಿದೆ ಅಂದುಕೊಂಡು ಪುಟ್ಟಿ ಹಾಕುತ್ತೀರಿ, ಅಡಿಯಲ್ಲಿ ತುಕ್ಕು ನಡೆಯುತ್ತಲೇ ಇರುತ್ತದೆ. ಉಜ್ಜಿದ ಮೇಲೆ ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಪದರ ಮಾಡುವ ದ್ರವ) ಹಚ್ಚಿ. ತುಕ್ಕು ಕಪ್ಪಗಾಗುತ್ತದೆ. ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ.

ಎಪಾಕ್ಸಿ_ಎಂಜಿ:
ರೆಡ್ ಆಕ್ಸೈಡ್ ಕಿಟಕಿ ಸರಳಿಗೆ ಸರಿ, ಕಾರಿಗೆ ಅಲ್ಲ. ತೇವ ಒಳಗೆ ಬಿಡುತ್ತದೆ. ಎರಡು ಡಬ್ಬಿ ಕಲಸುವ ಎಪಾಕ್ಸಿ ಪ್ರೈಮರ್ ಹಾಕಿ. ಪುಟ್ಟಿಯನ್ನು ಎಪಾಕ್ಸಿಯ ಮೇಲೆ ಎಳೆಯಿರಿ. ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ಅದು ನೇರ ತಗಡಿನ ಮೇಲೆ ಕೂತರೆ ಇದೇ ಗತಿ. ಇನ್ನೊಂದು ಮಾತು, ಆಸಿಡ್ ಇರುವ ಕನ್ವರ್ಟರ್ ಉಳಿಕೆ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಪೂರ್ತಿ ತೆಗೆಯಬೇಕು.

ಉಪ್ಪುಗಾಳಿ:
ನಮ್ಮ ತಂದೆ ಮೀನಿನ ಲಾರಿಗೆ ಇಡೀ ಜೀವನ ರೆಡ್ ಆಕ್ಸೈಡ್ ಹೊಡೆದವರು. ಡಬ್ಬಿ ಓದಿ ಕಲಿತದ್ದಲ್ಲ ಇದು.

ಎಪಾಕ್ಸಿ_ಎಂಜಿ:
ಲಾರಿ ತಗಡಿನ ದಪ್ಪ ಎಷ್ಟು, 800 ತಗಡಿನ ದಪ್ಪ ಎಷ್ಟು? ಲಾರಿಯಲ್ಲಿ ತುಕ್ಕಿಗೆ ತಿನ್ನೋಕೆ ತಗಡು ಬೇಕಾದಷ್ಟಿರುತ್ತದೆ.

ಪದ್ಮಿನಿ_ಪ್ರೀತಿ:
ಅದನ್ನೇ ನಾನೂ ಹೇಳೋದು. ನನ್ನ ಪ್ರೀಮಿಯರ್ ಪದ್ಮಿನಿ ತಟ್ಟಿ ನೋಡಿ, ಶಬ್ದವೇ ಬೇರೆ. ಮೂಲ ಫಿಯೆಟ್ 1100 ಡಿಸೈನು. ಶೆಡ್ಡಿಗೆ ಎಪಾಕ್ಸಿ ನೆಲ ಹಾಕಿಸಿದ್ದೇನೆ, ಈಗ ಎರಡು ಕಂಬದ ಲಿಫ್ಟ್ ಕೂಡ ಬಂತು. ಕೆಳಗೆ ನಿಂತು ಕೆಲಸ ಮಾಡೋ ಸುಖ ಮಲಗಿ ಮಾಡುವವರಿಗೆ ಗೊತ್ತಾಗಲ್ಲ. ಫೋಟೋ ಬೇಕಾದರೆ ಹಾಕ್ತೇನೆ.

ಟಿಂಕರಿಂಗ್_ಮನೆಯವ:
ಪದ್ಮಿನಿ ಫ್ಲೋರ್‌ಗೆ ನಮ್ಮ ಶೆಡ್ಡಲ್ಲಿ ಹಾಕಿದ ತೇಪೆ ಲೆಕ್ಕವಿಲ್ಲ ಸರ್. ದಪ್ಪ ತಗಡು ತೂತಾಗೋಕೆ ಸ್ವಲ್ಪ ಹೆಚ್ಚು ದಿನ ಬೇಕು, ಅಷ್ಟೇ.

ಕುಂದಾಪುರದವರೇ, ಪುಟ್ಟಿ, ಪ್ರೈಮರ್ ಎಲ್ಲ ಪಕ್ಕಕ್ಕಿಡಿ. ರನ್ನಿಂಗ್ ಬೋರ್ಡ್ ಒಳಗೆ ಟೊಳ್ಳು. ನೀವು ಹೊರಗಿನಿಂದ ಎಷ್ಟೇ ಉಜ್ಜಿದರೂ ತುಕ್ಕು ಒಳಗಿನಿಂದ ಬರುತ್ತಿದ್ದರೆ ಏನು ಪ್ರಯೋಜನ? ಮೂರು ವಿಷಯ ನೋಡಿ ಹೇಳಿ. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ಅಡಿಯ ಫೆಲ್ಟ್ ಒದ್ದೆ ಇದೆಯಾ? ರನ್ನಿಂಗ್ ಬೋರ್ಡಿನ ಕೆಳ ಅಂಚಿನ ಡ್ರೈನ್ ತೂತುಗಳು ತೆರೆದಿವೆಯಾ? ಮೊಂಡು ಸ್ಕ್ರೂಡ್ರೈವರ್‌ನಿಂದ ಗುಳ್ಳೆ ಸುತ್ತ ಒತ್ತಿದರೆ ತಗಡು ಗಟ್ಟಿ ಇದೆಯಾ?

ಉಪ್ಪುಗಾಳಿ:
ಡ್ರೈನ್ ಇರಲಿ ಬಿಡಲಿ, ಉಪ್ಪು ತೊಳೆಯದೆ ಏನು ಮಾಡಿದರೂ ವ್ಯರ್ಥ.

ಕುಂದಾಪುರ_800:
ಫೆಲ್ಟ್ ಹಿಂಡಿದರೆ ನೀರು ಬರುತ್ತದೆ. ಮಳೆಗಾಲದಲ್ಲಿ ಅದು ಮಾಮೂಲಿ ಅಲ್ವಾ, ಅದಕ್ಕೇ ಬರೆದಿರಲಿಲ್ಲ. ಡ್ರೈನ್ ತೂತು ಕಾಣಿಸುತ್ತಿಲ್ಲ. ಬೇಸಿಗೆಯಲ್ಲಿ ಒಂದು ಗ್ಯಾರೇಜಲ್ಲಿ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದ್ದೆ, ಕೆಳಗೆಲ್ಲ ಕಪ್ಪು ರಬ್ಬರ್ ತರಹ ಕೂತಿದೆ.

ಟಿಂಕರಿಂಗ್_ಮನೆಯವ:
ಅಯ್ಯೋ ಮಾರಾಯ್ರೆ, ಅದನ್ನು ಮೊದಲೇ ಹೇಳಬೇಕಿತ್ತು! ನೀರು ಹೊರಹೋಗುವ ಡ್ರೈನ್ ತೂತನ್ನು ಆ ಕೋಟಿಂಗೇ ಮುಚ್ಚಿರಬೇಕು. ಅಂಚಿನಲ್ಲಿ ಬೆರಳಾಡಿಸಿ, ಕೋಟಿಂಗ್ ಒಳಕ್ಕೆ ತಗ್ಗಿರುವ ಜಾಗದಲ್ಲಿ ಸಣ್ಣ ತಂತಿ ಚುಚ್ಚಿ. ಕೆಳಗೆ ತಟ್ಟೆ ಇಡಿ.

ಕುಂದಾಪುರ_800:
ಚುಚ್ಚಿದೆ. ಟೀ ಡಿಕಾಕ್ಷನ್ ಬಣ್ಣದ ನೀರು ಸುರಿಯಿತು, ಜೊತೆಗೆ ತುಕ್ಕಿನ ಚೂರು. ತಟ್ಟೆ ಸಾಲಲಿಲ್ಲ, ಬಕೆಟ್ ತರಬೇಕಾಯಿತು. ಆಮೇಲೆ ಸ್ಕ್ರೂಡ್ರೈವರ್ ಒತ್ತಿದೆ. ಜ್ಯಾಕ್ ಕೊಡುವ ಜಾಗದ ಪಕ್ಕದಲ್ಲಿ ಸೀದಾ ಒಳಗೆ ಹೋಯಿತು. ತೂತು ಹೆಬ್ಬೆರಳಷ್ಟಿದೆ. ಫೈಬರ್ ಮ್ಯಾಟ್, ರೆಸಿನ್ ಹಾಕಿ ಮುಚ್ಚಿದರೆ ಎಫ್‌ಸಿಗೆ ಸಾಕಾಗುತ್ತದಾ?

ಟಿಂಕರಿಂಗ್_ಮನೆಯವ:
ಬೇಡ. ಇದನ್ನು ದಯವಿಟ್ಟು ಕೇಳಿ. 800ಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರುವುದು. ರನ್ನಿಂಗ್ ಬೋರ್ಡ್ ಅದರ ಎಲುಬು. ಫೈಬರ್ ಅಡಿಯಲ್ಲಿ ತಗಡು ಕರಗುವುದು ನಿಮಗೆ ಕಾಣಿಸುವುದಿಲ್ಲ, ಜ್ಯಾಕ್ ಎತ್ತಿದ ದಿನ ಕುಸಿಯುತ್ತದೆ. ಈಗಲೂ ಅಲ್ಲಿ ಜ್ಯಾಕ್ ಕೊಡಬೇಡಿ.

ಹೊಳೆಯುವ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ. 20 ಗೇಜ್ ಸಾದಾ ಶೀಟಿನಲ್ಲಿ ತೇಪೆ ಮಾಡಿ. ಜಿಐ (ಸತು ಲೇಪದ) ಶೀಟ್ ಆದರೆ ಅಂಚಿನ ಸತುವನ್ನು ಉಜ್ಜಿ ತೆಗೆಯಿರಿ, ಅದರ ಹೊಗೆ ಕುಡಿದರೆ ಜ್ವರ ಬರುತ್ತದೆ. ಸಿಓಟು (ಗ್ಯಾಸ್ ಬಿಡುತ್ತಾ ತಂತಿಯಿಂದ ಮಾಡುವ) ವೆಲ್ಡಿಂಗಲ್ಲಿ ಬರೀ ಚುಕ್ಕಿ ಹಾಕುತ್ತಾ ಹೋಗಬೇಕು. ಒಂದು ಈ ತುದಿ, ಇನ್ನೊಂದು ಆ ತುದಿ, ನಡುವೆ ತಣಿಯಲು ಬಿಡಿ. ಒಂದೇ ಗೆರೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಮೊದಲು ಬ್ಯಾಟರಿ ಬಿಚ್ಚಿ, ಸೀಟು, ಮ್ಯಾಟ್, ಫೆಲ್ಟ್ ಎಲ್ಲ ಹೊರಗೆ ಹಾಕಿ, ಪೆಟ್ರೋಲ್ ಪೈಪ್, ವೈರಿಂಗ್ ಎಲ್ಲಿ ಹೋಗಿದೆ ನೋಡಿಕೊಳ್ಳಿ. ಆ ಕಪ್ಪು ಕೋಟಿಂಗ್ ಬೆಂಕಿ ಹಿಡಿಯುತ್ತದೆ. ಒಬ್ಬರು ನೀರಿನ ಬಕೆಟ್ ಹಿಡಿದು ಪಕ್ಕದಲ್ಲಿ ನಿಲ್ಲಲಿ.

ಎಪಾಕ್ಸಿ_ಎಂಜಿ:
ವೆಲ್ಡ್ ಆದ ಮೇಲೆ ಹೊರಗೆ ಎಪಾಕ್ಸಿ, ಅದರ ಮೇಲೆ ತೆಳು ಪುಟ್ಟಿ. ಒಳಗೆ ಉದ್ದ ನಳಿಗೆಯ ಸ್ಪ್ರೇಯಿಂದ ಕ್ಯಾವಿಟಿ ವ್ಯಾಕ್ಸ್, ಅಂದರೆ ಟೊಳ್ಳಿನೊಳಗೆ ತುಕ್ಕು ತಡೆಯುವ ಮೇಣ. ಪ್ರೈಮರ್ ಹೊಡೆಯುವಾಗ ಡ್ರೈನ್ ತೂತು ಮುಚ್ಚಿಬಿಡಬೇಡಿ.

ಉಪ್ಪುಗಾಳಿ:
ವ್ಯಾಕ್ಸ್ ಯಾಕೆ, ಹಳೇ ಎಂಜಿನ್ ಆಯಿಲ್ ಸಾಕು. ಮತ್ತೆ ಹೇಳ್ತೇನೆ, ಮೊದಲು ಸಿಹಿನೀರು.

ಎಪಾಕ್ಸಿ_ಎಂಜಿ:
ಆ ಆಯಿಲ್ ಡ್ರೈನ್‌ನಿಂದ ತೊಟ್ಟಿಕ್ಕಿ ನಿಮ್ಮ ಬಾವಿಗೇ ಹೋಗುತ್ತದೆ.

ಕುಂದಾಪುರ_800:
ಮನೆಯಲ್ಲಿ ಸಣ್ಣ ಆರ್ಕ್ ಮಷಿನ್ ಇದೆ, ಗೇಟ್ ವೆಲ್ಡ್ ಮಾಡಿದ್ದು. ಅದರಲ್ಲೇ ಆಗುತ್ತದಾ?

ಟಿಂಕರಿಂಗ್_ಮನೆಯವ:
ಇಷ್ಟು ತೆಳು ತಗಡಿಗೆ ವೆಲ್ಡಿಂಗ್ ಕಡ್ಡಿ ಮುಟ್ಟಿಸಿದ ಕಡೆಯಲ್ಲೆಲ್ಲ ಹೊಸ ತೂತು ಬೀಳುತ್ತದೆ. ಕತ್ತರಿಸಿ, ತೇಪೆ ಮಾಡಿ, ಕೂರಿಸಿ ನೋಡುವುದನ್ನೆಲ್ಲ ಮನೆಯಲ್ಲೇ ಮಾಡಿ. ವೆಲ್ಡಿಂಗ್ ಮಾತ್ರ ಸಿಓಟು ಇರುವ ಶೆಡ್ಡಿಗೆ ಒಯ್ಯಿರಿ, ನೀವೇ ಪಕ್ಕದಲ್ಲಿ ನಿಂತು ಮಾಡಿಸಿ. ಆದರೆ ಫೆಲ್ಟಿಗೆ ನೀರು ಎಲ್ಲಿಂದ ಬಂತು ಅಂತ ಗೊತ್ತಾಗದೆ ಮುಚ್ಚಬೇಡಿ. ಮುಂದಿನ ಗಾಜಿನ ರಬ್ಬರ್ ಮೇಲೆ ನನಗೆ ಅನುಮಾನ. ಒಬ್ಬರು ಗಾಜಿನ ಮೇಲೆ ಪೈಪಿನಲ್ಲಿ ನೀರು ಬಿಡಲಿ, ನೀವು ಟಾರ್ಚ್ ಹಿಡಿದು ಪೆಡಲ್ ಹತ್ತಿರ ತಲೆ ಹಾಕಿ.

ಪದ್ಮಿನಿ_ಪ್ರೀತಿ:
ಲಿಫ್ಟ್ ಫೋಟೋ ಗ್ಯಾಲರಿಯಲ್ಲಿ ಹಾಕಿದ್ದೇನೆ, ನೋಡಿ. ಫ್ಲೋರ್ ತೇಪೆ ಬಗ್ಗೆ ಟಿಂಕರಿಂಗ್ ಅವರಿಗೆ ಅಲ್ಲೇ ಉತ್ತರ ಕೊಡುತ್ತೇನೆ.

ಕುಂದಾಪುರ_800:
ನೀರು ಬಿಟ್ಟು ನೋಡಿದೆವು. ಗಾಜಿನ ಮೂಲೆಯಿಂದ ಹನಿ ಬರುತ್ತಿದೆ, ಜೊತೆಗೆ ಬ್ಲೋವರ್ ಕಡೆಯಿಂದಲೂ. ರಬ್ಬರ್ ಹೊಸದು ತರುತ್ತೇನೆ. ಬ್ಲೋವರ್ ಬಿಚ್ಚಲು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾ? ಬಿಚ್ಚಿದವರು ಯಾರಾದ್ರೂ ಇದ್ದೀರಾ?