ಡೀಮ್ಡ್ ಫಾರೆಸ್ಟ್ ಪಟ್ಟಿಯಿಂದ ಕೈಬಿಟ್ಟ ಕುಮ್ಕಿಯಲ್ಲಿ ಮರ ಕಡಿಯಬಹುದಾ?

ಹೆಬ್ರಿ ಕೃಷಿಕ:
ಹೆಬ್ರಿ ಹತ್ತಿರ ನಮ್ಮದು ಎರಡು ಎಕರೆ ಅಡಿಕೆ ತೋಟ. ಮೇಲಿನ ಗುಡ್ಡೆ ಕುಮ್ಕಿ (ತೋಟಕ್ಕೆ ತಾಗಿದ ಸರಕಾರಿ ಜಾಗ), ಅಜ್ಜನ ಕಾಲದಿಂದ ಸೊಪ್ಪು, ತರಗೆಲೆ ಅಲ್ಲಿಂದಲೇ. ಆ ಸರ್ವೆ ನಂಬರ್ ಮೊದಲು ಡೀಮ್ಡ್ ಫಾರೆಸ್ಟ್, ಅಂದರೆ ದಾಖಲೆಯಲ್ಲಿ ಅರಣ್ಯ ಅಲ್ಲದಿದ್ದರೂ ಕಾಡು ಅಂತ ಪರಿಗಣಿಸಿದ ಜಾಗ ಅಂತ ಇತ್ತು, 2022ರಲ್ಲಿ ಪಟ್ಟಿಯಿಂದ ಕೈಬಿಟ್ಟರು. ಈಗ ಮರದ ವ್ಯಾಪಾರಿಯೊಬ್ಬರು ಬಂದು, ಇನ್ನು ಯಾರೂ ಕೇಳುವುದಿಲ್ಲ, ಹೆಬ್ಬಲಸು, ಬೋಗಿ ಎಲ್ಲ ಕೊಡಿ ಅಂತ ದುಂಬಾಲು ಬಿದ್ದಿದ್ದಾರೆ. ಮನೆಯ ಮಾಡು ರಿಪೇರಿಗೆ ಹಣ ಬೇಕು, ನಿಜ. ಆದರೆ ಹೆದರಿಕೆ ಆಗುತ್ತದೆ. ಗೊತ್ತಿದ್ದವರು ಹೇಳಿ.

ಕಾರ್ಕಳದವ:
ಕೊಡಬೇಡಿ ಮಾರಾಯ್ರೆ! ಪಟ್ಟಿಯಿಂದ ಬಿಟ್ಟ ಕೂಡಲೇ ಜಾಗ ನಿಮ್ಮದಾಗುವುದಿಲ್ಲ. ಕುಮ್ಕಿ ಸರಕಾರಿ ಜಾಗ. ಕದೀಂ ವರ್ಗದ (ಹಳೆಯ ಕಾಲದಿಂದ ಕಂದಾಯ ಕಟ್ಟುವ ಸ್ವಂತ ಜಾಗದ) ಗಡಿಯಿಂದ 45 ಕೋಲಿನವರೆಗೆ, ಅಂದರೆ ಸುಮಾರು ನೂರು ಗಜ, ಸೊಪ್ಪು, ಸೌದೆ, ಮೇವು ತರಲು ನಮಗೆ ಸವಲತ್ತು ಉಂಟು ಅಷ್ಟೆ, ಅದನ್ನು 1964ರ ಭೂಕಂದಾಯ ಕಾಯ್ದೆಯಲ್ಲೂ ಉಳಿಸಿದ್ದಾರೆ. ಮರ ಮಾರುವ ಹಕ್ಕು ಅದರಲ್ಲಿ ಇಲ್ಲ. ಸ್ವಂತ ಪಟ್ಟಾ ಜಾಗದ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು, ಕೆಲವು ಜಾತಿಗೆ ಮಾತ್ರ ವಿನಾಯಿತಿ. ವ್ಯಾಪಾರಿ ಲಾರಿ ತುಂಬಿಸಿ ಹೋಗುತ್ತಾರೆ, ಕೇಸು ನಿಮ್ಮ ತಲೆ ಮೇಲೆ.

ಮಣಿಪಾಲ ವಾಸಿ:
ಇನ್ನೊಂದು ವಿಷಯ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಾಲೀಕರು ಯಾರೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡು ಅನಿಸಿದರೆ ಅದು ಕಾಡೇ. ಡೀಮ್ಡ್ ಫಾರೆಸ್ಟ್ ಅನ್ನುವುದು ಹುಟ್ಟಿದ್ದೇ ಅದರಿಂದ. ನಮ್ಮ ರಾಜ್ಯದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಗುರುತಿಸಿ, 2022ರಲ್ಲಿ 3.30 ಲಕ್ಷಕ್ಕೆ ಇಳಿಸಿದರು. ಆಮೇಲೆ 2023ರಲ್ಲಿ ಕೇಂದ್ರ ಸರಕಾರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನೇ ತಿದ್ದಿತು. ಅದರ ಮೇಲೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು, 1996ರ ಅರ್ಥವನ್ನೇ ಸದ್ಯಕ್ಕೆ ಪಾಲಿಸಿ ಅಂದಿತು. ಹಾಗಿರುವಾಗ ಯಾರೂ ಕೇಳುವುದಿಲ್ಲ ಅಂತ ವ್ಯಾಪಾರಿ ಹೇಳುವುದನ್ನು ನಂಬಿ ಕೂರಬೇಡಿ.

ಕುಂದಾಪುರದ ಅಕ್ಕ:
ಕಾನೂನು ಒಂದು ಕಡೆ ಇರಲಿ ತಮ್ಮಾ, ತೋಟದ ನೀರು ನೋಡು. ನಮ್ಮಲ್ಲಿ ಮೇಲಿನ ಗುಡ್ಡೆ ಬೋಳಿಸಿ ಅಕೇಶಿಯಾ ಹಾಕಿದರು. ಮೊದಲು ತೋಡಿನ ಕಟ್ಟದಲ್ಲಿ ಶಿವರಾತ್ರಿವರೆಗೂ ನೀರು ನಿಲ್ಲುತ್ತಿತ್ತು, ಈಗ ಸಂಕ್ರಾಂತಿಗೇ ತಳ ಕಾಣುತ್ತದೆ. ತೋಟಕ್ಕೆ ಹಾಕಲು ಸೊಪ್ಪನ್ನೂ ದುಡ್ಡು ಕೊಟ್ಟು ತರುತ್ತಿದ್ದೇವೆ. ಹೆಬ್ಬಲಸು ಅಷ್ಟು ದೊಡ್ಡದಾಗಲು ಎಷ್ಟು ವರ್ಷ ಬೇಕು ಅಂತ ನಿನಗೇ ಗೊತ್ತಲ್ವಾ?

ಹೆಬ್ರಿ ಕೃಷಿಕ:
ಅಕ್ಕಾ, ನಮ್ಮ ತೋಡೂ ಆ ಗುಡ್ಡೆ ಬುಡದಿಂದಲೇ ಬರುವುದು. ವ್ಯಾಪಾರಿಗೆ ಬೇಡ ಅಂತ ಫೋನ್ ಮಾಡಿದೆ. ವರ್ಗ ಜಾಗದಲ್ಲಿ ಅಪ್ಪ ನೆಟ್ಟ ಎರಡು ಸಾಗುವಾನಿ ಉಂಟು, ಸೋಮವಾರ ಆರ್‌ಟಿಸಿ ಹಿಡಿದು ರೇಂಜ್ ಆಫೀಸಿಗೆ ಹೋಗಿ ಅದಕ್ಕೆ ಅರ್ಜಿ ಕೊಡುತ್ತೇನೆ.