ರೆಸಿನ್ ಹಚ್ಚಿದ ಮೇಲೆ ಕಾಗದದ ಹೆಲ್ಮೆಟ್ ಸೊಟ್ಟಗಾಯ್ತು, ಉಳಿಸಬಹುದಾ?

ಪ್ರಶ್ನೆ:
ಮಗಳ ವೇಷಕ್ಕೆ ಯುರೋಪಿನ ಹಳೇ ಕಾಲದ ಯೋಧರ ಹೆಲ್ಮೆಟ್ ಮಾಡುತ್ತಿದ್ದೇನೆ. ಪೆಪಕುರಾ ಎಂಬ ಸಾಫ್ಟ್‌ವೇರ್‌ನಲ್ಲಿ 3ಡಿ ಮಾದರಿಯನ್ನು ಮಡಚಿ ಅಂಟಿಸುವ ತುಂಡುಗಳಾಗಿ ಬಿಡಿಸಿ, 200 ಜಿಎಸ್‌ಎಂ ದಪ್ಪ ಹಾಳೆಯಲ್ಲಿ ಪ್ರಿಂಟ್ ತೆಗೆದು, ಹತ್ತು ರಾತ್ರಿ ಕೂತು ಅಂಟಿಸಿದೆ. ಹೊರಗೆ ಪಾಲಿಯೆಸ್ಟರ್ ರೆಸಿನ್ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ದ್ರವ) ಬಳಿದೆ. ಬೆಳಿಗ್ಗೆ ನೋಡಿದರೆ ಎಡಗೆನ್ನೆ ಒಳಗೆ ಕುಸಿದಿದೆ, ಕತ್ತಿನ ಅಂಚು ಅಗಲವಾಗಿದೆ. ತುಂಬಾ ಬೇಜಾರಾಗಿದೆ.

ಉತ್ತರ 1:
ಬಿಸಾಡಬೇಡಿ ಮೇಡಂ, ಉಳಿಯುತ್ತದೆ. ಹಸಿ ರೆಸಿನ್ ಹೀರಿಕೊಂಡ ಕಾಗದ ಮೆತ್ತಗಾಗಿ ಬಾಗುತ್ತದೆ. ಬಳಿಯುವ ಮೊದಲೇ ಒಳಗೆ ಕಿವಿಯಿಂದ ಕಿವಿಗೆ, ಕತ್ತಿನ ಅಂಚಿಗೆ ಅಡ್ಡಲಾಗಿ ರಟ್ಟಿನ ಪಟ್ಟಿ ಕೊಡಬೇಕಿತ್ತು. ಈಗ ಒಳಗೆ ಫೈಬರ್ ಮ್ಯಾಟ್ (ಗಾಜಿನ ನಾರಿನ ಹಾಸು) ರೆಸಿನ್ ಹಚ್ಚಿ ಎರಡು ಪದರ ಹಾಕಿ ಗಟ್ಟಿ ಮಾಡಿ. ಆಮೇಲೆ ಕುಸಿದ ಕೆನ್ನೆಗೆ ಕಾರಿನ ಮೈಯ ತಗ್ಗು ತುಂಬಲು ಹಾಕುವ ಪುಟ್ಟಿ ಮೆತ್ತಿ, 80ರ ಉಪ್ಪು ಕಾಗದದಿಂದ ಶುರು ಮಾಡಿ 220ರವರೆಗೆ ತಿಕ್ಕಿ. ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಿ. ಕಣ್ಣಿಗೆ ಕಾಣದ ತಗ್ಗು ಕೈಗೆ ಸಿಗುತ್ತದೆ.

ಉತ್ತರ 2:
ಒಂದು ಮಾತು, ದಯವಿಟ್ಟು ಗಮನಿಸಿ. ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ದ್ರವ) ಮತ್ತು ಹಾರ್ಡನರ್ ಬೇರೆ ಬೇರೆ ಬಾಟಲಿಯಲ್ಲಿ ಕೊಟ್ಟಿದ್ದರೆ ಎರಡನ್ನೂ ನೇರವಾಗಿ ಸೇರಿಸಲೇಬೇಡಿ, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಹಾರ್ಡನರ್. ಕೆಲಸ ಬಯಲಲ್ಲೇ ಇರಲಿ. ಆವಿಗೆ ಬಟ್ಟೆ ಮಾಸ್ಕ್ ಸಾಲದು, ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಗುವನ್ನು ಹತ್ತಿರ ಬಿಡಬೇಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ತಮ್ಮನ ಮಗನಿಗೂ ಇಂಥದ್ದೇ ಬೇಕಂತೆ. ಮತ್ತೆ ಹತ್ತು ರಾತ್ರಿ ಕೂರಬೇಕಾ?

ಉತ್ತರ 1:
ಬೇಡ. ಇದನ್ನು ಪೂರ್ತಿ ನುಣುಪು ಮಾಡಿ, ಸಿಲಿಕೋನ್ ರಬ್ಬರ್ ಪದರ ಪದರವಾಗಿ ಬಳಿದು ಅಚ್ಚು ತೆಗೆಯಿರಿ, ಇನ್ನೊಂದು ಹೆಲ್ಮೆಟ್ ಆ ಅಚ್ಚಿನಲ್ಲೇ ಮಾಡಬಹುದು. ರಬ್ಬರ್ ಅಲುಗಾಡದಂತೆ ಅದರ ಮೇಲೆ ಪ್ಲಾಸ್ಟರ್ ಕವಚ, ಎರಡು ಭಾಗವಾಗಿ. ತಿಕ್ಕುವ ಕೆಲಸದಲ್ಲಿ ಅವಸರ ಬೇಡ, ಅಚ್ಚಿನಲ್ಲಿ ಸಣ್ಣ ಗೀರೂ ಮೂಡುತ್ತದೆ.